ಮಳೆಗಾಲದ ಕಾಯಿಪಲ್ಲೆ
(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಮೇಜಿನ ಬಳಿ ನಿಂತವರೆಲ್ಲ ಇದುವರೆಗೆ ಪಂಪನ ವಿಷಯವನ್ನೋ ವಚನಗಳ ವಿಷಯವನ್ನೋ ಹೇಳಿದವರು. ನಮಗೆ ಆ ಯೋಗ್ಯತೆಯಿಲ್ಲ. ಬೆಂಡೆ, ಬಸಳೆ, ಹೀರೆಗಳ ಸಮಾಚಾರ ಹೇಳಿರೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹನ್ನೊಂದು ಮಂದಿಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮಾತಾಡುವ ಬಾಯಿ ಯಾರದಾದರೂ ಸರಿ, ‘ನಾವು’ ಎಂದೇ ಹೇಳತಕ್ಕದ್ದು, ಏಕೆಂದರೆ ಬೆಳೆ ಎಲ್ಲರದು, ತಪ್ಪೂ ಎಲ್ಲರದು ಎಂದು ಕೊನೆಗೆ ತೀರ್ಮಾನವಾಯಿತು. ತಪ್ಪಿನ ಮಾತು ಆಮೇಲೆ ಬರುತ್ತದೆ.

ಹನ್ನೊಂದು ಮಂದಿ ಯಾರೆಂದರೆ, ಆರು ಜನ ಕಚೇರಿಯ ಗುಮಾಸ್ತರು, ಇಬ್ಬರು ಬ್ಯಾಂಕಿನವರು, ಇಬ್ಬರು ಹೋಟೆಲು ಕೆಲಸದವರು, ಇನ್ನೊಬ್ಬರು ಕಟ್ಟಡದ ಕೆಲಸಕ್ಕೆ ಹೋಗುವ ವಿಜಾಪುರದ ಕಡೆಯ ತಾಯಿ. ಅವರನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತೇವೆ. ನಮ್ಮಲ್ಲಿ ನಿಜವಾಗಿ ಹೊಲದಲ್ಲಿ ದುಡಿದವರು ಅವರೊಬ್ಬರೇ. ಉಳಿದವರು ಹೊಲದ ಬದುವಿನ ಮೇಲೆ ಆಡಿ ಬೆಳೆದು, ಎಸ್ಸೆಸ್ಸೆಲ್ಸಿ ಮುಗಿಸಿ ರೈಲೋ ಬಸ್ಸೋ ಹತ್ತಿದವರು. ಬೇಸಾಯ ಬರುತ್ತದೆಂಬ ಭ್ರಮೆ ಮಾತ್ರ ಎಲ್ಲರಿಗೂ ಸಮನಾಗಿ ಇತ್ತು.

ಆಂಟಾಪ್ ಹಿಲ್ಲಿನಲ್ಲಿ ನೆಲವೆಲ್ಲಿ ಎಂದು ನೀವು ಕೇಳಬಹುದು. ಹೆಸರಿನಲ್ಲಿ ಗುಡ್ಡವಿದೆ, ನಮ್ಮಲ್ಲಿ ಹೆಚ್ಚಿನವರು ಇರುವುದು ಗುಡ್ಡದ ಬುಡದಲ್ಲಿ. ಪೂರ್ವಕ್ಕೆ ವಡಾಲದ ಉಪ್ಪಿನ ಅಗರಗಳು, ಒಂದು ಬದಿಗೆ ಹಾರ್ಬರ್ ಲೈನಿನ ಹಳಿಗಳು, ನಡುವೆ ಕೇಂದ್ರ ಸರಕಾರದ ಕ್ವಾರ್ಟರ್ಸುಗಳು, ಚಾಳುಗಳು, ಝೋಪಡಿಗಳು. ಹಳೆಯ ಕಟ್ಟಡಗಳ ನಡುನಡುವೆ ಮಾತ್ರ ಇನ್ನೂ ಅಷ್ಟಿಷ್ಟು ಬಯಲು ಉಳಿದಿದೆ. ನಮಗೆ ಸಿಕ್ಕಿದ್ದು ಒಂದು ಕಂಪೌಂಡು ಗೋಡೆಯ ಹಿಂದಿನ ಪಟ್ಟಿ: ಉದ್ದ 42 ಅಡಿ, ಅಗಲ 9 ಅಡಿ. ಗುಂಟೆಯ ಲೆಕ್ಕಕ್ಕೇ ಬಾರದ ನೆಲ. ಅನುಮತಿಯೂ ಬಾಯಿಮಾತಿನದು, ಬೇಕೆಂದಾಗ ಬಿಟ್ಟುಕೊಡಬೇಕು ಎಂಬ ಕರಾರು. ಇಂಗ್ಲೆಂಡಿನಲ್ಲಿ ಕೂಲಿಕಾರರಿಗೂ ಗುಮಾಸ್ತರಿಗೂ ಕಾಯಿಪಲ್ಲೆ ಬೆಳೆಯಲು ಊರಾಡಳಿತದವರು ಅಗ್ಗದ ಬಾಡಿಗೆಗೆ ತುಂಡು ನೆಲ ಕೊಡುತ್ತಾರೆ. 1908ರ ಒಂದು ಕಾಯಿದೆ ಅದಕ್ಕೆ ಆಧಾರ. ಅಲ್ಲಿನ ವಾಡಿಕೆಯ ತುಂಡು ಸುಮಾರು 250 ಚದರ ಮೀಟರು. ನಮ್ಮದು ಅದರ ಏಳನೆಯ ಒಂದು ಪಾಲು. ಹನ್ನೊಂದು ಮಂದಿಗೆ ಅದೇ ಸಾಮ್ರಾಜ್ಯ.

ನಮ್ಮ ದೇಶಕ್ಕೂ ಇದು ಹೊಸ ಮಾತಲ್ಲ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗಲೇ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಹೊರಟಿತು. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಪ್ರಧಾನಿಗಳ ಮನೆಯ ಹುಲ್ಲುಹಾಸನ್ನೇ ಉಳಿಸಿದರು. ರೈಲ್ವೆಯವರು ಅದೇ ಹೆಸರಿನ ಯೋಜನೆಯಡಿ ಹಳಿಗಳ ಪಕ್ಕದ ನೆಲವನ್ನು ತಮ್ಮ ಕೆಳಗಿನ ನೌಕರರಿಗೆ ಲೈಸೆನ್ಸಿನ ಮೇಲೆ ಕೊಟ್ಟರು. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಪಾಲಕ, ಕೆಂಪು ಹರಿವೆ, ಮೂಲಂಗಿ, ಬೆಂಡೆಗಳ ಮಡಿಗಳನ್ನು ನೋಡದ ಮುಂಬಯಿಗ ಯಾರಿದ್ದಾರೆ? ನಮಗೆ ಈ ಹುಚ್ಚು ಹಿಡಿದದ್ದೂ ಆ ಬಾಗಿಲಲ್ಲೇ.

ಈಗ 2025ರ ವಿಷಯಕ್ಕೆ ಬರೋಣ. ಮುಂಬಯಿಗೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 11. ಮೇ ಕೊನೆಯ ಎರಡು ಭಾನುವಾರ ಮಣ್ಣು ಏರಿಸಿ, ಜೂನ್ ಮೊದಲ ವಾರ ಮಡಿ ಕಟ್ಟಿ, ಮೃಗಶಿರ ಮಳೆಗೆ ಬೀಜ ಹಾಕುವುದೆಂದು ನಾವು ಕಚೇರಿಯ ಕಡತದಂತೆ ಒಂದು ತಖ್ತೆಯನ್ನೇ ಬರೆದಿದ್ದೆವು. ಮೇ 25, ಭಾನುವಾರ. ಒಂದಡಿ ಅಗೆಯುವುದರೊಳಗೆ ಇಟ್ಟಿಗೆಯ ಚೂರು, ಟೈಲ್ಸಿನ ಚೂರು, ಒಂದು ಮುರಿದ ನಲ್ಲಿ, ಯಾರದೋ ಮಗುವಿನ ಒಂಟಿ ಚಪ್ಪಲಿ ಸಿಕ್ಕಿದವು. ಅವನ್ನೆಲ್ಲ ಆರಿಸಿ ಹಾಕಿ, ನರ್ಸರಿಯಿಂದ ತಂದ ಕೆಂಪು ಮಣ್ಣು ಹನ್ನೆರಡು ಚೀಲ, ಸಗಣಿ ಗೊಬ್ಬರ ಆರು ಚೀಲ ಸುರಿದು ಸಂಜೆಗೆ ಬೆನ್ನು ನೆಟ್ಟಗೆ ಮಾಡಿಕೊಂಡೆವು. ನೋಡಲು ಬಂದ ನೆರೆಯವರೊಬ್ಬರು, ‘ಎಂತದು ಮಾರಾಯ್ರೆ, ಗದ್ದೆ ಮಾಡ್ಲಿಕ್ಕೆ ಹೊರಟದ್ದಾ?’ ಎಂದು ನಕ್ಕು ಹೋದರು.

ಅವರ ಬಾಯಿಯ ಮಾತು ಮರುದಿನವೇ ನಿಜವಾಯಿತು. ಮೇ 26, ಸೋಮವಾರ, ಮಳೆಗಾಲ ಮುಂಬಯಿಗೆ ಬಂದೇಬಿಟ್ಟಿತು. 1950ರಿಂದೀಚೆಗೆ ಇಷ್ಟು ಬೇಗ ಬಂದದ್ದಿಲ್ಲ ಎಂದು ಹವಾಮಾನದವರು ಹೇಳಿದರು. ಕೊಲಾಬಾದಲ್ಲಿ 1918ರಿಂದ ನಿಂತಿದ್ದ ಮೇ ತಿಂಗಳ ಮಳೆಯ ದಾಖಲೆ ಮುರಿಯಿತು. ಪಂಚಾಂಗದಲ್ಲಿ ರೋಹಿಣಿ ಹುಟ್ಟಿ ಒಂದು ದಿನವಾಗಿತ್ತಷ್ಟೆ. ನಾವು ಕಚೇರಿಯಿಂದ ಬರುವಷ್ಟರಲ್ಲಿ ಹನ್ನೆರಡು ಚೀಲ ಕೆಂಪು ಮಣ್ಣಿನಲ್ಲಿ ಅರ್ಧಕ್ಕೂ ಹೆಚ್ಚು ಗೋಡೆಯ ತೂತಿನಿಂದ ಇಳಿದು ರಸ್ತೆಯ ಗಟಾರ ಸೇರಿತ್ತು. ನೀರು ಕೆಂಪಗೆ ಓಡುವುದನ್ನು ನೋಡುತ್ತ ಕೊಡೆ ಹಿಡಿದು ನಿಂತೆವು. ಚೀಲಕ್ಕೆ ಇಷ್ಟು ರೂಪಾಯಿ ಎಂದು ಮನಸ್ಸು ತಾನಾಗಿ ಗುಣಿಸುತ್ತಿತ್ತು. ಗುಮಾಸ್ತನ ಮನಸ್ಸು ಬೇರೇನು ಮಾಡೀತು?

ಅವ್ವ ಮಾತ್ರ ಮರುದಿನ ಬಂದು ನೋಡಿ, ‘ಮಣ್ಣ ಹೊಳ್ಳಿ ತರಬಹುದು. ನೀರಿಗೆ ದಾರಿ ಬಿಡದ ಮಣ್ಣ ಏರಿಸಿದ್ದ ತಪ್ಪು’ ಎಂದರು. ಮಳೆಗಾಲದ ಬೇಸಾಯದ ಸಾರವೆಲ್ಲ ಆ ಮಾತಿನಲ್ಲಿತ್ತು. ಗಿಡದ ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ನೀರೇ ತುಂಬಿ ಎರಡು ಮೂರು ದಿನ ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ; ಕೊಳೆಯುವುದು ಅದಕ್ಕೇ. ಮುಂಬಯಿಯ ಹಳೆಯ ಮಳೆನೀರು ಗಟಾರಗಳು ಗಂಟೆಗೆ 25 ಮಿಲಿಮೀಟರು ಮಳೆಯ ಲೆಕ್ಕದಲ್ಲಿ ಕಟ್ಟಿದವು. ಸಮುದ್ರದಲ್ಲಿ ದೊಡ್ಡ ಉಬ್ಬರವಿರುವ ಹೊತ್ತಿನಲ್ಲಿ ಅದೇ ಮಳೆ ಬಿದ್ದರೆ ಗಟಾರದ ಬಾಯಿಯೇ ಮುಚ್ಚಿದಂತಾಗಿ ನೀರು ತಗ್ಗಿನಲ್ಲಿ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಬಿದ್ದ ದಿನವನ್ನು ಕಂಡವರು ಇಲ್ಲಿ ಅನೇಕರಿದ್ದೀರಿ, ನಿಮಗೆ ಹೇಳಬೇಕಾದ್ದಿಲ್ಲ. ಅಂಥ ಊರಿನಲ್ಲಿ ನೆಲದ ಮಟ್ಟಕ್ಕೆ ಬೀಜ ಹಾಕುವುದೆಂದರೆ ಬೀಜವನ್ನು ನೇರವಾಗಿ ಗಟಾರಕ್ಕೇ ಹಾಕಿದಂತೆ.

ಎರಡನೆಯ ಸಲ ಹೀಗೆ ಮಾಡಿದೆವು. ಪಟ್ಟಿಯ ನಡುವೆ ಉದ್ದಕ್ಕೆ ಒಂದು ಕಾಲುವೆ, ಇಕ್ಕೆಲಗಳಲ್ಲಿ ಒಂದೂಕಾಲು ಅಡಿ ಎತ್ತರದ ಏರುಮಡಿ. ಮಡಿಯ ಅಂಚಿಗೆ, ಆರಿಸಿ ಹಾಕಿದ ಅದೇ ಇಟ್ಟಿಗೆ ಚೂರು. ಮಡಿಯ ತಳಕ್ಕೆ ಹೋಟೆಲಿನಿಂದ ತಂದ ತೆಂಗಿನ ಚಿಪ್ಪು ಮತ್ತು ನಾರು, ಮೇಲೆ ಒಣ ಎಲೆ, ಅದರ ಮೇಲೆ ಮಣ್ಣು. ಮಣ್ಣು ಸಾಲದ ಕಡೆ ಇಪ್ಪತ್ತೈದು ಕಿಲೋ ಅಕ್ಕಿಯ ಖಾಲಿ ಚೀಲಗಳಿಗೆ ಬುಡದಲ್ಲಿ ತೂತು ಹಾಕಿ ತುಂಬಿಸಿ, ಇಟ್ಟಿಗೆಯ ಮೇಲೆ ಇರಿಸಿದೆವು. ನಮ್ಮ ಜನರ ಹೋಟೆಲುಗಳಲ್ಲಿ ಗಿಡಕ್ಕೆ ಬೇಡದ್ದೇನೂ ಇಲ್ಲ: ಚಿಪ್ಪು, ನಾರು, ತರಕಾರಿ ಸಿಪ್ಪೆ, ಚಹದ ಚರಟ. ಚರಟವನ್ನು ಮಾತ್ರ ಚೆನ್ನಾಗಿ ತೊಳೆದು ಹಾಕಬೇಕು. ಹಾಲು ಸಕ್ಕರೆ ಉಳಿದರೆ ಇರುವೆಯ ಸೈನ್ಯ ಬರುತ್ತದೆ. ಈ ಅಡಿಗೆಮನೆಯ ಕಸದ ಉಪಾಯವನ್ನು ನಾವು ಕಂಡುಹಿಡಿದದ್ದೂ ಅಲ್ಲ. ನಮ್ಮ ಮುಂಬಯಿ ಬಂದರಿನ ನೌಕರರ ಕ್ಯಾಂಟೀನಿನ ತಾರಸಿಯ ಮೇಲೆ ಪ್ರೀತಿ ಪಾಟೀಲ ಎಂಬವರು 2002ರಲ್ಲೇ ಅಡಿಗೆಮನೆಯ ಕಸವನ್ನೇ ಮಣ್ಣಾಗಿಸಿ ತೋಟ ಎಬ್ಬಿಸಿದರು. ನೆಲವೇ ಇಲ್ಲದವರು ಅದನ್ನು ನೆನಪಿಡಬೇಕು.

ಮಡಿ ಸಿದ್ಧವಾಯಿತು, ಮಳೆ ಹೋಯಿತು! ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಆಕಾಶ ಬೋಳು. ಮೊಳೆತ ಸಸಿಗಳು ಬಾಡತೊಡಗಿದವು. ನಲ್ಲಿಯ ನೀರು ನಮಗೇ ಹೊತ್ತಿಗೆ ಸರಿಯಾಗಿ ಸಿಕ್ಕುವುದಿಲ್ಲ. ಪಟ್ಟಿಯ ಆಚೆ ನಾಲೆಯೊಂದು ಹರಿಯುತ್ತದೆ. ಅದರಿಂದ ಎರಡು ಕೊಡ ಎತ್ತಿ ಹಾಕಿದರೇನು ಎಂದು ನಮ್ಮಲ್ಲಿ ನಾಲ್ವರು, ಕೂಡದೆಂದು ಏಳು ಮಂದಿ. ಎರಡು ಸಂಜೆ ವಾದ ನಡೆಯಿತು. ‘ರೈಲು ಹಳಿಯ ಪಕ್ಕದ ಪಾಲಕ ದಿನಾ ಮಾರ್ಕೆಟ್ಟಿನಿಂದ ತಂದು ತಿನ್ನುವುದಿಲ್ಲವೆ, ಅದು ಯಾವ ಗಂಗೆಯಿಂದ ಬೆಳೆದದ್ದು?’ ಎಂದು ನಾಲ್ವರ ಪ್ರಶ್ನೆ. ಪ್ರಶ್ನೆ ಸುಳ್ಳಲ್ಲ. ಹಳಿಪಕ್ಕದ ಕೆಲವು ಮಡಿಗಳಿಗೆ ಗಟಾರದ ನೀರು ಹಾಯಿಸುತ್ತಾರೆಂಬ ದೂರು ಈ ಊರಿನಲ್ಲಿ ಬಹುಕಾಲದ್ದು. ರೋಗಾಣುಗಳು ಬೇಯಿಸಿದರೆ ಸಾಯುತ್ತವೆ. ಆದರೆ ಕಾರಖಾನೆಯ ನೀರಿನಲ್ಲಿ ಸೀಸ, ಕ್ಯಾಡ್ಮಿಯಮ್ಮಿನಂಥ ಲೋಹಗಳಿದ್ದರೆ ಅವು ಎಲೆಯ ಒಳಗೇ ಸೇರಿಬಿಡುತ್ತವೆ, ತೊಳೆದರೂ ಹೋಗವು, ಬೇಯಿಸಿದರೂ ಹೋಗವು. ಕೊಂಡು ತಿನ್ನುವಾಗ ನಮಗೆ ಆಯ್ಕೆಯಿಲ್ಲದಿರಬಹುದು. ನಾವೇ ಬೆಳೆದು ಮಕ್ಕಳ ತಟ್ಟೆಗೆ ಹಾಕುವಾಗಲೂ ಅದನ್ನೇ ಮಾಡುವುದಾದರೆ ಈ ಖಟಪಟಿ ಏತಕ್ಕೆ? ಏಳು ಮಂದಿಯ ಮಾತು ಗೆದ್ದಿತು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಬಕೀಟಿನಲ್ಲಿ ಮೂರು ಮಾಳಿಗೆ ಇಳಿಯಿತು. ಹನ್ನೊಂದು ಮನೆಯ ಹೆಂಗಸರು ಮಕ್ಕಳು ಅದನ್ನು ಇಳಿಸಿದರೆಂಬುದನ್ನು ಈ ಸಭೆಯಲ್ಲಿ ಹೇಳದಿದ್ದರೆ ಮನೆಗೆ ಹೋದ ಮೇಲೆ ಕಷ್ಟವಿದೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಹಳೆಯ ಕಟ್ಟಡದ ಗೋಡೆಯ ಬುಡದಲ್ಲಿ ಸೊಪ್ಪು ಹಾಕಬೇಡಿ. ಹಳೆಯ ಬಣ್ಣದ ಹಕ್ಕಳೆಯಲ್ಲಿ ಸೀಸವಿರುತ್ತದೆ, ಅದು ಉದುರಿ ಮಣ್ಣು ಸೇರಿರುತ್ತದೆ. ಅಲ್ಲಿ ಹೂಗಿಡ ಇರಲಿ.

ಇನ್ನು ಯಾವುದು ಬಂತು, ಯಾವುದು ಹೋಯಿತು ಎಂಬುದು.

ಮೊದಲು ಹೋದದ್ದು ಮಟ್ಟುಗುಳ್ಳ. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಆ ಗುಂಡು ಬದನೆಗೆ 2011ರಲ್ಲಿ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮಲ್ಲೊಬ್ಬರು ಊರಿನಿಂದ ಬೀಜ ತಂದಿದ್ದರು. ಅದರ ಹುಳಿಯ ಆಸೆಯಿಂದ ಎಲ್ಲಕ್ಕೂ ಒಳ್ಳೆಯ ಮಡಿಯನ್ನು ಅದಕ್ಕೇ ಕೊಟ್ಟೆವು. ಜುಲೈ ಮಧ್ಯಕ್ಕೆ ಗಿಡಗಳು ಒಂದೊಂದಾಗಿ ಹಸಿರಾಗಿದ್ದಂತೆಯೇ ತಲೆ ಬಾಗಿಸಿ ಸತ್ತವು. ಊರಿಗೆ ಫೋನು ಮಾಡಿ ಕೇಳಿದರೆ, ಅಲ್ಲಿ ಅದನ್ನು ನೆಡುವುದೇ ಮಳೆಗಾಲ ತಗ್ಗಿದ ಮೇಲಂತೆ! ಬೀಜ ತಂದವರು ಅಲ್ಲಿಯೇ ಹುಟ್ಟಿ ಬೆಳೆದವರು. ತಿಂದದ್ದು ನೆನಪಿತ್ತು, ನೆಟ್ಟದ್ದು ನೆನಪಿರಲಿಲ್ಲ. ಪರವೂರಿನ ಬಾಳು ಎಂದರೆ ಇದೇ ಇರಬೇಕು.

ಟೊಮ್ಯಾಟೊ ಕೊಳೆಯಿತು. ಕೊತ್ತಂಬರಿ ಒತ್ತಾಗಿ ಹಾಕಿದ್ದರಿಂದ ಎರಡೆಲೆಯಲ್ಲೇ ಬುಡ ಕರಗಿ ಮಲಗಿತು. ಸಸಿಗಳನ್ನು ತೆಳ್ಳಗೆ ಬೆಳೆಸಬೇಕು, ಬೇರೆ ಬೇರೆ ಪೊಟ್ಟಣದಲ್ಲಿ ಬೆಳೆಸಿದರೆ ಇನ್ನೂ ಒಳ್ಳೆಯದು. ಹಳೆಯ ವರ್ತಮಾನ ಪತ್ರಿಕೆಯನ್ನು ಸುತ್ತಿ ಕುಡಿಕೆಯಂತೆ ಮಾಡಿದರೆ ಸಸಿಯನ್ನು ಕಾಗದ ಸಮೇತ ನೆಡಬಹುದು. ಇದಕ್ಕಾಗಿ ವಾಚನಾಲಯದ ಹಳೆಯ ಪತ್ರಿಕೆಗಳನ್ನು ಕೇಳಿದಾಗ ನಮ್ಮ ಗ್ರಂಥಪಾಲಕರು, ‘ಓದಿ ಮುಗಿಸಿದ ಮೇಲೆ ಕೊಡುತ್ತೇನೆ’ ಎಂದರು. ಅವರ ಓದು ಇನ್ನೂ ಮುಗಿದಿಲ್ಲ.

ಬಂದವುಗಳಲ್ಲಿ ಮೊದಲನೆಯದು ಕೆಸು. ಅದರ ಕಾಂಡದೊಳಗೆ ಗಾಳಿ ಹೋಗುವ ಸಂದುಗಳಿರುವುದರಿಂದ ನೀರು ನಿಂತರೂ ಅದಕ್ಕೆ ಉಸಿರು ಕಟ್ಟುವುದಿಲ್ಲ. ಕಾಲುವೆಯ ತಗ್ಗಿನಲ್ಲೇ ಗಡ್ಡೆ ಊರಿದೆವು. ಆನೆಕಿವಿಯಷ್ಟು ಎಲೆ ಬಿಟ್ಟಿತು. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಹಿಂದೆ ಕಣಜ ಬರಿದಾಗುವ ಕಾಲ, ಕೆಸುವೂ ತಗಟೆಸೊಪ್ಪೂ ಜೀವ ಹಿಡಿಸಿದ ಕಾಲ. ಆ ತಗಟೆಯನ್ನೇ ಇಲ್ಲಿಯವರು ಟಾಕಳಾ ಎಂದು ಮಳೆಗಾಲದ ಮೊದಲ ವಾರಗಳಲ್ಲಿ ಮಾರುತ್ತಾರೆ. ನಮ್ಮ ಪತ್ರೊಡೆ ಇವರಿಗೆ ಅಳುವಡಿ, ಗುಜರಾತಿಗಳಿಗೆ ಪಾತ್ರಾ. ಹುಣಸೆಹಣ್ಣು ಹಾಕದೆ ಮಾಡಿದರೆ ಮೂವರಿಗೂ ಗಂಟಲು ತುರಿಸುತ್ತದೆ, ಅದರಲ್ಲಿ ಭೇದವಿಲ್ಲ. ನಮ್ಮ ಪಟ್ಟಿಯ ಕೆಸುವಿನೆಲೆ ನಾಲ್ಕು ಭಾಷೆಯ ಅಡಿಗೆಮನೆಗಳಿಗೆ ಹೋಯಿತು. ಅಲ್ಲಿಯವರೆಗೆ ನಮ್ಮ ಮಡಿಗೆ ಚೆಂಡು ಎಸೆಯುತ್ತಿದ್ದ ಹುಡುಗರು ಆಮೇಲೆ ಮಡಿಯ ಕಾವಲಿಗೆ ನಿಂತರು.

ಬಸಳೆ ಬೇಲಿ ಹತ್ತಿತು. ಅದರ ದಂಟು ಮುರಿದು ಊರಿದರೆ ಸಾಕು, ಬೀಜವೇ ಬೇಡ. ತೊಂಡೆಯೂ ಹಾಗೆಯೇ. ಅಲಸಂದೆ ಪರವಾಗಿಲ್ಲ. ಬೆಂಡೆ ಏರುಮಡಿಯಲ್ಲಿ ಬಂತು. ಎಲೆಯ ನರ ಹಳದಿಯಾದ ಗಿಡವನ್ನು ಮರುಕಪಡದೆ ಕಿತ್ತು ಹಾಕಬೇಕು, ಬಿಳಿನೊಣ ಆ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಅವ್ವ ಮಾತ್ರ ನಮ್ಮ ಯಾವ ಬೆಳೆಯನ್ನೂ ಲಕ್ಷಿಸದೆ, ಸೆರಗಿನ ಗಂಟಿನಲ್ಲಿ ಊರಿಂದ ತಂದ ಪುಂಡಿಬೀಜವನ್ನು ಎತ್ತರದ ಮೂಲೆಯಲ್ಲಿ ಚೆಲ್ಲಿದರು. ‘ಪುಂಡಿಪಲ್ಯ ಇಲ್ಲಂದ್ರ ರೊಟ್ಟಿ ಹ್ಯಾಂಗ ಇಳೀತದ?’ ಅದು ಸೊಂಟದೆತ್ತರ ಬೆಳೆಯಿತು. ಮರಾಠಿಯಲ್ಲಿ ಅಂಬಾಡಿ ಎಂದು ಮಾರುವುದೂ ಅದನ್ನೇ, ಆದರೆ ಅವ್ವನಿಗೆ ಮಾರ್ಕೆಟ್ಟಿನ ಅಂಬಾಡಿ ಹುಳಿ ಸಾಲದು.

ಹೀರೆಯ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಳ್ಳಿ ಹಬ್ಬಿತು, ಆಗಸ್ಟ್ ಮೊದಲಿಗೆ ಹೂ ತುಂಬಿತು, ಕಾಯಿ ಮಾತ್ರ ಬೆರಳುದ್ದವಾಗುವ ಮೊದಲೇ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಕಡಿಮೆಯೆಂದು ಗೊಬ್ಬರ ಹಾಕಿದೆವು, ದೃಷ್ಟಿಯಾಯಿತೆಂದು ಹಳೆಯ ಚಪ್ಪಲಿಯನ್ನೂ ಕಟ್ಟಿದೆವು. ನಿಜ ಸಂಗತಿ ಬೇರೆ. ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೂವಿನ ಕೆಳಗೆ ಕಿರುಗಾಯಿ ಇದ್ದರೆ ಅದು ಹೆಣ್ಣು. ಗಂಡಿನ ಪರಾಗ ಹೆಣ್ಣಿಗೆ ಮುಟ್ಟದಿದ್ದರೆ ಕಿರುಗಾಯಿ ಉದುರುತ್ತದೆ. ಜಡಿಮಳೆಯಲ್ಲಿ ಜೇನುಹುಳುವೂ ಇಲ್ಲ, ಪತಂಗವೂ ಇಲ್ಲ. ಆಗ ಮನುಷ್ಯನೇ ಆ ಕೆಲಸ ಮಾಡಬೇಕು: ಗಂಡು ಹೂ ಕಿತ್ತು, ದಳ ಸುಲಿದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಹೀರೆ ಅರಳುವುದು ಸಂಜೆ, ಕುಂಬಳ ಅರಳುವುದು ನಸುಕಿನಲ್ಲಿ. ಇದನ್ನು ತಿಳಿದಾಗ ನಮಗೆ ನಗು ಬಂತು. ಕಚೇರಿಯವರು ಗಾಡಿ ಇಳಿದು ಬರುವುದು ಹೀರೆಯ ಹೊತ್ತಿಗೆ, ಹೋಟೆಲಿನ ನಮ್ಮ ತಮ್ಮಂದಿರು ಕೆಲಸಕ್ಕೆ ಹೊರಡುವುದು ಕುಂಬಳದ ಹೊತ್ತಿಗೆ! ಕೆಲಸ ಹಂಚಿಹೋಯಿತು. ಪರಾಗಕ್ಕೆ ಮಳೆನೀರು ತಾಗಿದರೆ ಕೆಟ್ಟಿತು. ಅದಕ್ಕೆ ಅರಳಲಿರುವ ಮೊಗ್ಗುಗಳಿಗೆ ಮೊದಲೇ ಚಹದ ಕಾಗದದ ಕಪ್ಪು ಬೋರಲು ಹಾಕಿಡುತ್ತಿದ್ದರು. ಹೋಟೆಲಿನ ತಮ್ಮನೊಬ್ಬ ಬೆಳಗಿನ ಐದೂವರೆಗೆ ಟಾರ್ಚು ಹಿಡಿದು ಕುಂಬಳದ ಹೂವಿನ ಮುಂದೆ ಕುಳಿತಿರುತ್ತಿದ್ದ. ಮೂರು ಕುಂಬಳ ಅವನ ಕೈಯಿಂದಲೇ ಹಿಡಿದವು.

ಬಸವನಹುಳುವಿನ ಕಾಟ ಬೇರೆ. ಅಂಗೈಯಷ್ಟು ದೊಡ್ಡ ಈ ಆಫ್ರಿಕದ ಬಸವನಹುಳುವನ್ನು 1847ರಲ್ಲಿ ಮಾರಿಷಸ್ಸಿನಿಂದ ಕಲಕತ್ತೆಗೆ ಯಾರೋ ದೊರೆ ತಂದು ಬಿಟ್ಟನಂತೆ. ಅದರ ಸಂತಾನ ಆಂಟಾಪ್ ಹಿಲ್ಲಿನ ನಮ್ಮ ಹರಿವೆಯನ್ನು ಒಂದೇ ರಾತ್ರಿ ಬೋಳಿಸಿತು. ರಾತ್ರಿ ಒಂಬತ್ತರ ಮೇಲೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೀಟಿಗೆ ಹಾಕುವುದೊಂದೇ ಉಪಾಯ. ಬರಿಗೈಯಲ್ಲಿ ಮುಟ್ಟಬೇಡಿ, ಅದರಿಂದ ರೋಗ ತಗಲುವುದುಂಟು. ಮಡಿಯ ಮೇಲೆಯೇ ಉಪ್ಪು ಚೆಲ್ಲಿದರೆ ಹುಳುವಿನ ಜೊತೆ ಗಿಡವೂ ಸಾಯುತ್ತದೆ. ಉಪ್ಪಿನ ಅಗರದ ಪಕ್ಕದಲ್ಲಿರುವ ನಮಗೆ ಇದನ್ನೂ ಹೇಳಿಕೊಡಬೇಕಾಯಿತು.

ಈಗ ತಪ್ಪಿನ ಮಾತು.

ಆಗಸ್ಟ್ 16ರಿಂದ ನಾಲ್ಕು ದಿನ ಬಿದ್ದ ಮಳೆ ನಿಮಗೆಲ್ಲ ನೆನಪಿದೆ. ಆಶ್ಲೇಷ ಮುಗಿದು ಮಘೆ ಹುಟ್ಟಿದ ದಿನಗಳು. ಕೆಲವು ಕಡೆ ಒಂದು ದಿನಕ್ಕೆ 200 ಮಿಲಿಮೀಟರು ಮೀರಿತು. 19ನೆಯ ತಾರೀಖು ಶಾಲೆ ಕಚೇರಿಗಳಿಗೆ ರಜೆ ಸಾರಿದರು, ಹಾರ್ಬರ್ ಲೈನು ನಿಂತಿತು, ಸಂಜೆ ಮೊನೊರೈಲು ಮೈಸೂರು ಕಾಲೋನಿಯ ಬಳಿ ಕಂಬದ ಮೇಲೆಯೇ ನಿಂತು 500ಕ್ಕೂ ಹೆಚ್ಚು ಜನರನ್ನು ಏಣಿಯಿಟ್ಟು ಇಳಿಸಬೇಕಾಯಿತು. ಆ ಹೊತ್ತಿಗೆ ನಮ್ಮ ಪಟ್ಟಿಯಲ್ಲಿ ಮೊಣಕಾಲುದ್ದ ನೀರು. ನಾಲೆ ಉಕ್ಕಿ ಒಳಗೆ ಬಂದಿತ್ತು. ಕಾಲುವೆಯ ಬಾಯಿ ಕಸದಿಂದ ಕಟ್ಟಿತ್ತು. ಅದನ್ನು ಬಿಡಿಸದಿದ್ದರೆ ಎರಡು ತಿಂಗಳ ದುಡಿಮೆ ಹೋಗುತ್ತದೆಂದು ನಾವು ಆರು ಮಂದಿ ಇಳಿದೆವು. ಎಲ್ಲರಿಗೂ ಮೊದಲು ಇಳಿದವನು ಹೋಟೆಲಿನ ಆ ತಮ್ಮನೇ. ಅವನು ಪ್ಯಾಂಟು ಮಡಚಿ, ‘ಚಪ್ಪಲಿ ಹಾಕಿಕೊಳ್ಳಲಾ ಅಣ್ಣ?’ ಎಂದು ಕೇಳಿದ. ‘ಚಪ್ಪಲಿ ಕೆಸರಲ್ಲಿ ಕಳೆದುಹೋಗುತ್ತದೆ, ಮಣ್ಣಿಗೆ ಬರಿಗಾಲೇ ಚೆಂದ’ ಎಂದು ನಮ್ಮಲ್ಲೊಬ್ಬರು ಹೇಳಿದರು. ಯಾರು ಹೇಳಿದರೆಂಬುದು ಈಗ ಬೇಡ. ಉಳಿದವರು ಸುಮ್ಮನಿದ್ದೆವು.

ಹಗಲಿಡೀ ಒದ್ದೆ ನೆಲದ ಮೇಲೆ ನಿಂತು ಪಾತ್ರೆ ತೊಳೆಯುವವನ ಕಾಲು ಹೇಗಿರುತ್ತದೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ಬೆರಳ ಸಂದೆಲ್ಲ ಹುಣ್ಣು, ಹಿಮ್ಮಡಿಯೆಲ್ಲ ಬಿರುಕು. ನೀರು ಇಳಿಯಿತು, ಮಡಿ ಉಳಿಯಿತು, ನಾವು ಚಹ ಕುಡಿದು ಮನೆಗೆ ಹೋದೆವು. ಚೌತಿಯ ಮರುದಿನ, ಎಂದರೆ ಆಗಸ್ಟ್ 28ಕ್ಕೆ, ಅವನಿಗೆ ಜ್ವರ ಬಂತು. ಹಬ್ಬದ ದಿನಗಳು, ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಗುಳಿಗೆ ನುಂಗಿ ಎರಡು ದಿನ ಕೆಲಸ ಮಾಡಿದ. ಮೂರನೆಯ ದಿನ ಮೀನಖಂಡ ಮುಟ್ಟಗೊಡದಷ್ಟು ನೋವು, ಕಣ್ಣು ಕೆಂಡದಂತೆ ಕೆಂಪು. ನಾಲ್ಕನೆಯ ದಿನ ಅವನ ಕೋಣೆಯವರು ನಮಗೆ ತಿಳಿಸಿದರು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಮೊದಲು ಕೇಳಿದ ಪ್ರಶ್ನೆ, ‘ನೆರೆನೀರಿನಲ್ಲಿ ಇಳಿದಿದ್ದನೆ?’

ಇಲಿಜ್ವರ. ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. ಇಲಿಯ ಮೂತ್ರದಿಂದ ನೆರೆನೀರಿಗೆ ಸೇರಿದ ರೋಗಾಣು ಕಾಲಿನ ಗಾಯದಿಂದ ಒಳಹೊಕ್ಕು, ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದಲ್ಲಿ ಜ್ವರವಾಗಿ ಏಳುತ್ತದೆ. ತಡಮಾಡಿದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಹತ್ತುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. 2005ರ ನೆರೆಯ ತರುವಾಯ ಈ ಊರಿನಲ್ಲಿ ಇದರಿಂದ ಸತ್ತವರಿದ್ದಾರೆ. ಅವನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಎರಡು ರಾತ್ರಿ ಅವನ ಮೂತ್ರ ಇಳಿಯುವುದನ್ನೇ ಕಾಯುತ್ತ ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು. ಊರಿನಲ್ಲಿರುವ ಅವನ ತಾಯಿಗೆ ಏನೆಂದು ಫೋನು ಮಾಡುವುದು? ಕುಂಬಳಕಾಯಿಗೆ ನೀರು ನುಗ್ಗಿತ್ತು ಅಮ್ಮ, ಅದಕ್ಕೆ ನಿಮ್ಮ ಮಗನನ್ನು ಇಳಿಸಿದೆವು ಎನ್ನುವುದೆ? ದೇವರ ದಯ, ವೈದ್ಯರ ದಯ, ಹುಡುಗ ಎದ್ದ. ಆದರೆ ಒಂದೂವರೆ ತಿಂಗಳ ಸಂಬಳ ಹೋಯಿತು. ನಾವು ಹತ್ತು ಮಂದಿ ಸೇರಿಸಿ ಕೊಟ್ಟದ್ದನ್ನು ಮೊದಲು ಬೇಡವೆಂದ, ಆಮೇಲೆ ಅವ್ವ ಗದರಿಸಿದ ಮೇಲೆ ತೆಗೆದುಕೊಂಡ.

ಆದ್ದರಿಂದ ಬಂಧುಗಳೆ, ನಾವು ಹೇಳಿದ ಬೆಂಡೆ ಬಸಳೆಯ ಮಾತೆಲ್ಲ ಮರೆತರೂ ಇದನ್ನು ಮರೆಯಬೇಡಿ. ಮಳೆನೀರು ನಿಂತಲ್ಲಿ ಮೊಣಕಾಲುದ್ದದ ರಬ್ಬರ್ ಬೂಟಿಲ್ಲದೆ ಇಳಿಯಬೇಡಿ. ಕಾಲಿನಲ್ಲಿ ಗಾಯವಿದ್ದರೆ ಬೂಟಿದ್ದರೂ ಇಳಿಯಬೇಡಿ. ಇಳಿಯಲೇಬೇಕಾದರೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ನಮಗೆಲ್ಲ ಅದು ತಪ್ಪಿದ್ದಲ್ಲ, ಮನೆಗೆ ಬಂದು ಸಾಬೂನಿನಿಂದ ತೊಳೆದು, 24ರಿಂದ 72 ಗಂಟೆಯೊಳಗೆ ಮುನಿಸಿಪಾಲಿಟಿಯ ದವಾಖಾನೆಗೆ ಹೋಗಿ ‘ನೆರೆನೀರಲ್ಲಿ ನಡೆದಿದ್ದೇನೆ’ ಎಂದು ಹೇಳಿ. ಮುಂಜಾಗ್ರತೆಯ ಗುಳಿಗೆ ಕೊಡುವುದೋ ಬಿಡುವುದೋ ವೈದ್ಯರು ನೋಡುತ್ತಾರೆ; ನಾವು ನಾವೇ ನುಂಗುವುದು ಬೇಡ. ನಾಲೆಯ ನೀರು ಮುಟ್ಟಿದ ಸೊಪ್ಪನ್ನೆಲ್ಲ ನಾವು ಆ ವಾರ ಕಿತ್ತು ಎಸೆದೆವು. ಅವ್ವನ ಪುಂಡಿ ಎತ್ತರದ ಮೂಲೆಯಲ್ಲಿತ್ತು, ಉಳಿಯಿತು.

ಲೆಕ್ಕ ಕೇಳುವವರಿಗೆ ಲೆಕ್ಕ: ಮಣ್ಣು ಎರಡು ಸಲ, ಗೊಬ್ಬರ, ಬಿದಿರು, ಹಗ್ಗ, ಬೀಜ ಸೇರಿ ಖರ್ಚು 4,310 ರೂಪಾಯಿ. ಬಂದ ಕಾಯಿಪಲ್ಲೆಯನ್ನು ಮಾರ್ಕೆಟ್ಟಿನ ದರದಲ್ಲಿ ಹಿಡಿದರೆ 2,900ರ ಹತ್ತಿರ. ಆಸ್ಪತ್ರೆಯದನ್ನು ಈ ಲೆಕ್ಕದಲ್ಲಿ ಬರೆಯಲು ನಮ್ಮಲ್ಲಿ ಯಾರ ಕೈಯೂ ಏಳಲಿಲ್ಲ. ಸಪ್ಟೆಂಬರಿನಲ್ಲಿ ಪಟ್ಟಿಯನ್ನೇ ಬಿಟ್ಟುಬಿಡೋಣವೆಂದು ಮಾತಾಡಿಕೊಂಡಿದ್ದೆವು. ಅದನ್ನು ಹೇಳಲು ಹುಡುಗನ ಕೋಣೆಗೆ ಹೋದಾಗ ಅವನು ಮಲಗಿದಲ್ಲಿಂದಲೇ ಕೇಳಿದ್ದು, ‘ಮೂರನೆಯ ಕುಂಬಳ ಕೊಯ್ದಿರಾ? ಅದರ ತೊಟ್ಟು ಒಣಗದೆ ಕೊಯ್ಯಬೇಡಿ.’ ನಾವು ಆಗಲೇ ಕೊಯ್ದಿದ್ದೆವು. ಸುಳ್ಳು ಹೇಳಿದೆವು.

ಮಟ್ಟುಗುಳ್ಳದ ಬೀಜವನ್ನು ಈ ಸಲ ಮಳೆ ತಗ್ಗಿದ ಮೇಲೆಯೇ ಹಾಕುತ್ತೇವೆ. ಬಸಳೆ ದಂಟು, ತೊಂಡೆಯ ಬಳ್ಳಿ ತುಂಡು, ಅವ್ವ ಕಟ್ಟಿಕೊಟ್ಟ ಪುಂಡಿಬೀಜದ ಪೊಟ್ಟಣಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಮನೆಗೊಂದರಂತೆ ತೆಗೆದುಕೊಳ್ಳಿ. ಬಾಲ್ಕನಿಯಲ್ಲಿ ಚೀಲವಿಡುವವರು ಕೆಳಗಿನ ಮನೆಯವರನ್ನು ಕೇಳಿ ಇಡಿ, ನೀರು ಅವರ ಬಟ್ಟೆಯ ಮೇಲೆ ಬೀಳುತ್ತದೆ. ಕೂಟದ ಖರ್ಚಿನಲ್ಲಿ ಎರಡು ಜೊತೆ ರಬ್ಬರ್ ಬೂಟು ಕೊಂಡು ವಾಚನಾಲಯದ ಕಪಾಟಿನ ಕೆಳಗೆ ಇಟ್ಟಿದ್ದೇವೆ, ಒಂದು ಏಳು ನಂಬರು, ಒಂದು ಒಂಬತ್ತು. ಯಾರಿಗೆ ಬೇಕೋ ಗ್ರಂಥಪಾಲಕರ ಹತ್ತಿರ ಪುಸ್ತಕದಂತೆಯೇ ಸಹಿ ಹಾಕಿ ಒಯ್ಯಬಹುದು. ಹಿಂದಿರುಗಿಸುವಾಗ ತೊಳೆದು ತನ್ನಿ.